ಆ ಹೆಂಗಸಿಗೆ ಏನು ಬೇಕು?

ನಾನು ಬರೆದ ಹಾಸ್ಯ ಧಾರಾವಾಹಿ ಬಿದ್ದುಹೋಯಿತು. ಯಾಕೆ ಬಿತ್ತು ಎಂದು ಯಾರಾದರೂ ಕೇಳಿದರೆ ಆಗ ನನ್ನ ಹತ್ತಿರ ಉತ್ತರಗಳಿಗೇನೂ ಕೊರತೆಯಿರಲಿಲ್ಲ. ಪ್ರಸಾರದ ಹೊತ್ತು ಸರಿಯಿರಲಿಲ್ಲ, ಎದುರು ಚಾನೆಲ್ಲಿನಲ್ಲಿ ಕಣ್ಣೀರಿನ ಕಥೆ ಓಡುತ್ತಿತ್ತು, ಪ್ರಚಾರ ಸಾಲಲಿಲ್ಲ, ನಮ್ಮ ಜನಕ್ಕೆ ಹೊಸದು ರುಚಿಸುವುದಿಲ್ಲ. ನಿಜವಾದ ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ಅದನ್ನು ಕಲಿಸಿದವರು ತಾವು ಹುಟ್ಟುವ ಮುಂಚೆಯೇ ಮುಗಿದುಹೋದ ಧಾರಾವಾಹಿಗಳನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡುವ ಹುಡುಗ ಹುಡುಗಿಯರು. ಹಾಸ್ಯ ಬರೆಯಲು ಹೊರಟ ಹೊಸಬರಿಗೆ ಉಪಯೋಗಕ್ಕೆ ಬರಲಿ ಎಂದು ಆ ಪಾಠವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅದು 2000ದ ದಶಕದ ನಡುವಿನ ಕಾಲ. ಈಟಿವಿ ಕನ್ನಡದಲ್ಲಿ ‘ಪಾಪ ಪಾಂಡು’ ಮತ್ತು ‘ಸಿಲ್ಲಿ ಲಲ್ಲಿ’ ಮನೆಮಾತಾಗಿದ್ದವು. ಸಿಹಿಕಹಿ ಚಂದ್ರು ಅವರ ಪಾಂಡುವನ್ನು ನೋಡಲು ಮಕ್ಕಳು ಹೋಮ್‌ವರ್ಕ್ ಮುಗಿಸಿ ಕೂರುತ್ತಿದ್ದರು. ವಿಜಯ ಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’ಯ ಸಮಾಜ ಸೇವಕಿ ಲಲಿತಾಂಬ, ಡಾಕ್ಟರ್ ವಿಠಲ್ ರಾವ್ ಪಾತ್ರಗಳ ಮಾತಿನ ಧಾಟಿಯನ್ನು ಬಸ್ಸಿನಲ್ಲಿ ಕಾಲೇಜು ಹುಡುಗರು ಅನುಕರಿಸುತ್ತಿದ್ದರು. ಸಹಜವಾಗಿಯೇ ಬೇರೆ ಚಾನೆಲ್ಲುಗಳಿಗೂ ಅಂಥದ್ದೊಂದು ಬೇಕಾಯಿತು. ಒಂದು ಚಾನೆಲ್ಲು ನನ್ನನ್ನು ಕರೆಸಿತು. ಅವರು ಕೊಟ್ಟ ಸೂಚನೆ ಒಂದೇ: “ಯೂತ್‌ಗೆ ಇಷ್ಟ ಆಗೋ ಥರ ಇರಲಿ.”

ಈ ಮಾತನ್ನು ನಾನು ಸುದ್ದಿಪತ್ರಿಕೆ ಓದಿಕೊಂಡು ಬರೆಯಬೇಕು ಎಂದು ಅರ್ಥ ಮಾಡಿಕೊಂಡೆ. ಯುವಕರ ಕೈಗೆ ಆಗಷ್ಟೇ ಮೊಬೈಲು ಬಂದಿತ್ತು. ಸರಿ, ಮಿಸ್ಡ್ ಕಾಲ್ ಮೇಲೆ ಒಂದು ಕಂತು, ಕಾಲರ್ ಟ್ಯೂನ್ ಮೇಲೆ ಒಂದು, ಎಸ್ಸೆಮ್ಮೆಸ್ ಮೇಲೆ ಇನ್ನೊಂದು. ಕ್ರಿಕೆಟ್ ಸರಣಿ ಬಂದರೆ ಕ್ರಿಕೆಟ್. ಹೊಸ ಸಿನಿಮಾದ ಡೈಲಾಗು ಜನರ ಬಾಯಲ್ಲಿದ್ದರೆ ಅದೇ ವಾರ ಅದನ್ನು ತಿರುಚಿ ನನ್ನ ಪಾತ್ರದ ಬಾಯಿಗೆ ಹಾಕುತ್ತಿದ್ದೆ. ಸರ್ಕಾರ ಉರುಳಿದರೆ, ಶಾಸಕರು ರೆಸಾರ್ಟಿಗೆ ಹೋದರೆ, ನನ್ನ ಧಾರಾವಾಹಿಯ ಮಾವನಿಗೂ ಅಳಿಯನಿಗೂ ಜಗಳಕ್ಕೆ ವಸ್ತು ಸಿಕ್ಕಿತು. ದಿನಾ ಒಂದು ಕಂತು ಹೊರಗೆ ಹೋಗಬೇಕಿದ್ದ ಕೆಲಸದಲ್ಲಿ ಇದು ದೊಡ್ಡ ಅನುಕೂಲ. ಬೆಳಿಗ್ಗೆ ಪೇಪರು ಬಿಡಿಸಿದರೆ ಸಂಜೆಗೆ ಕಂತು ಸಿದ್ಧ. ಜಾಹೀರಾತು ಕಳೆದು ಉಳಿಯುವ ಇಪ್ಪತ್ತು ಚಿಲ್ಲರೆ ನಿಮಿಷಗಳನ್ನು ಜೋಕುಗಳಿಂದ ತುಂಬಿಸುವುದೇ ಬರವಣಿಗೆ ಎಂದು ನಾನು ನಂಬಿದ್ದೆ.

ನನ್ನ ನಂಬಿಕೆಗೆ ಒಂದು ದೊಡ್ಡ ಆಧಾರವೂ ಇತ್ತು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ನೋಡಿ ಬೆಳೆದವನು ನಾನು. ಅಂದಂದಿನ ರಾಜಕೀಯವನ್ನು ಅಂದಂದೇ ರಂಗದ ಮೇಲೆ ತಂದು, ಮುಂದಿನ ಸಾಲಿನಲ್ಲಿ ಕೂತ ಮಂತ್ರಿಯನ್ನೂ ಬಿಡದೆ ಝಾಡಿಸುತ್ತಿದ್ದ ನಾಟಕ ದಶಕಗಟ್ಟಲೆ ಓಡಲಿಲ್ಲವೇ? ಹಾಗಾದರೆ ಸುದ್ದಿಯ ಹಾಸ್ಯಕ್ಕೆ ಆಯುಸ್ಸಿಲ್ಲ ಎನ್ನುವವರು ಯಾರು? ಹಿರಣ್ಣಯ್ಯನವರು ಪ್ರತಿ ರಾತ್ರಿ ಸಭಿಕರ ಮುಂದೆ ನಿಂತು ಆ ನಾಟಕವನ್ನು ಹೊಸದಾಗಿ ಕಟ್ಟುತ್ತಿದ್ದರು. ಹಳಸಿದ ಮಾತು ನಾಳೆಯ ಪ್ರದರ್ಶನದಲ್ಲಿ ಇರುತ್ತಲೇ ಇರಲಿಲ್ಲ. ಟೇಪಿನ ಮೇಲೆ ಕೂತ ನನ್ನ ಮಾತಿಗೆ ಆ ಭಾಗ್ಯವಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಲಂಚಕ್ಕೆ ಬಾಯಿಬಿಡುವ ಮನುಷ್ಯನ ದುರಾಸೆ ಆ ನಾಟಕದ ಬೆನ್ನೆಲುಬು. ಸುದ್ದಿ ಅದರ ಮೇಲಿನ ಬಟ್ಟೆ. ನಾನು ಬಟ್ಟೆಯನ್ನಷ್ಟೇ ನೋಡಿದ್ದೆ.

ಎಚ್ಚರಿಕೆ ಸಿಗಲಿಲ್ಲವೆಂದಲ್ಲ. ನಮ್ಮ ಧಾರಾವಾಹಿಯಲ್ಲಿ ಅತ್ತೆಯ ಪಾತ್ರಕ್ಕೆ ರಂಗಭೂಮಿಯಿಂದ ಬಂದ ಹಿರಿಯ ಕಲಾವಿದೆಯೊಬ್ಬರಿದ್ದರು. ಬೆಂಗಳೂರಿನ ಹೊರಗೆ ಬಾಡಿಗೆಗೆ ಹಿಡಿದ ಮನೆಯಲ್ಲಿ ಚಿತ್ರೀಕರಣ. ಒಂದು ಮಧ್ಯಾಹ್ನ ಲೈಟು ಸರಿಮಾಡುವ ಬಿಡುವಿನಲ್ಲಿ ಅವರು ಹಾಳೆಗಳನ್ನು ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದರು. “ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಹೆಂಗಸಿಗೆ ಏನು ಬೇಕು? ಮೊನ್ನೆ ಎಪಿಸೋಡಿನಲ್ಲಿ ಜಿಪುಣಿ, ಪಕ್ಕದ ಮನೆಯವರಿಗೆ ಮೊಸರು ಹೆಪ್ಪಿಗೂ ಕೊಡಲ್ಲ ಅಂತಾಳೆ. ಇವತ್ತು ಅಳಿಯನಿಗೆ ಹೊಸ ಮೊಬೈಲು ತೆಗೆದುಕೊಡ್ತಾಳೆ. ನಾಳೆ ಇವಳು ಏನು ಮಾಡ್ತಾಳೆ ಅಂತ ನನಗೇ ಗೊತ್ತಾಗ್ತಾ ಇಲ್ಲ, ನೋಡೋರಿಗೆ ಹೆಂಗೆ ಗೊತ್ತಾಗುತ್ತೆ?” ನಾನು ಹೇಳಿದ್ದು ಇಷ್ಟು: “ಇದು ಕಾಮಿಡಿ ಅಮ್ಮ, ಅಷ್ಟೆಲ್ಲ ಯೋಚನೆ ಮಾಡಬಾರದು.” ಅವರು ಮರುಮಾತಾಡದೆ ಹೋಗಿ ತಮ್ಮ ಜಾಗದಲ್ಲಿ ನಿಂತರು. ನನ್ನ ಧಾರಾವಾಹಿಯಲ್ಲಿದ್ದ ದೋಷವನ್ನು ಅವರು ಒಂದೇ ಪ್ರಶ್ನೆಯಲ್ಲಿ ತೋರಿಸಿಕೊಟ್ಟಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ.

ಕೇಳಿಸಿಕೊಳ್ಳದಿರಲು ಇನ್ನೊಂದು ಕಾರಣ ನಗುವಿನ ಟ್ರ್ಯಾಕು. ಸಂಕಲನದ ಕೋಣೆಯಲ್ಲಿ ನನ್ನ ಪ್ರತಿ ಜೋಕಿನ ಹಿಂದೆಯೂ ಮುದ್ರಿತ ನಗು ಸೇರುತ್ತಿತ್ತು. ಎಲ್ಲಿ ಬೇಕೆಂದರೆ ಅಲ್ಲಿ, ಎಷ್ಟು ಬೇಕೆಂದರೆ ಅಷ್ಟು. ಈ ಪದ್ಧತಿ ಅಮೆರಿಕದ ಟಿವಿಯಲ್ಲಿ 1950ರ ದಶಕದಿಂದಲೂ ಇದೆ. ಚಾರ್ಲ್ಸ್ ಡಗ್ಲಸ್ ಎಂಬ ಧ್ವನಿ ತಂತ್ರಜ್ಞ ಅದಕ್ಕೆಂದೇ ಒಂದು ಯಂತ್ರವನ್ನು ಕಟ್ಟಿದ್ದ. ಕಂತನ್ನು ಕೂತು ನೋಡುವಾಗ ಆ ನಗು ಕೇಳಿ ನನಗೂ ಸಮಾಧಾನವಾಗುತ್ತಿತ್ತು. ನಿಜವಾಗಿ ಯಾರಾದರೂ ನಕ್ಕರೇ ಎಂದು ತಿಳಿದುಕೊಳ್ಳುವ ದಾರಿಯನ್ನು ಹೀಗೆ ನಾನೇ ಮುಚ್ಚಿಕೊಂಡಿದ್ದೆ.

ಟಿಆರ್‌ಪಿ ಬರಲಿಲ್ಲ. ಕೆಲವು ತಿಂಗಳಿಗೆ ಚಾನೆಲ್ಲು ನಮ್ಮ ಹೊತ್ತನ್ನು ಬದಲಿಸಿತು, ಆಮೇಲೆ ವಾರಕ್ಕೆ ಕಡಿಮೆ ದಿನ ಮಾಡಿತು, ಕೊನೆಗೆ ನಿಲ್ಲಿಸಿತು. ಧಾರಾವಾಹಿ ನಂಬಿಕೊಂಡು ಬೇರೆ ಕೆಲಸ ಬಿಟ್ಟು ಬಂದಿದ್ದ ಕಲಾವಿದರಿಗೆ, ತಂತ್ರಜ್ಞರಿಗೆ ಮುಖ ತೋರಿಸಲು ಕಷ್ಟವಾಯಿತು. ನಾನು ಹಾಸ್ಯ ಬರೆಯುವುದನ್ನೇ ಬಿಟ್ಟು ಜಾಹೀರಾತು, ಡಬ್ಬಿಂಗ್, ಸಾಕ್ಷ್ಯಚಿತ್ರದ ನಿರೂಪಣೆ ಎಂದು ಬೇರೆ ಬರವಣಿಗೆಯಲ್ಲಿ ಹೊಟ್ಟೆ ಹೊರೆದೆ. ಆ ಧಾರಾವಾಹಿಯ ಮಾತು ಬಂದರೆ ವಿಷಯ ಬದಲಿಸುತ್ತಿದ್ದೆ.

ಅಕ್ಕನ ಮಗಳು ಪಿಯುಸಿಗೆ ನಮ್ಮ ಮನೆಯಲ್ಲಿದ್ದುಕೊಂಡು ಓದಲು ಬಂದಾಗ ಈ ವಿಷಯ ಮತ್ತೆ ಎದ್ದಿತು. ಅವಳು ಹುಟ್ಟುವ ಮೊದಲೇ, 2004ರ ಮೇ 6ರಂದು, ಅಮೆರಿಕದ ಹಾಸ್ಯ ಧಾರಾವಾಹಿ ‘ಫ್ರೆಂಡ್ಸ್’ನ ಕೊನೆಯ ಕಂತು ಪ್ರಸಾರವಾಗಿ ಹೋಗಿತ್ತು. ಆ 236 ಕಂತುಗಳಲ್ಲಿ ಯಾವುದು ಎಲ್ಲಿ ಬರುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಪರೀಕ್ಷೆಯ ಹಿಂದಿನ ರಾತ್ರಿ ಊಟ ಮಾಡುತ್ತಾ ಒಂದು ಕಂತು, ಜ್ವರ ಬಂದರೆ ಮಲಗಿಕೊಂಡು ನಾಲ್ಕು ಕಂತು. ರಜೆಯಲ್ಲಿ ಚಿಕ್ಕಪ್ಪನ ಮಕ್ಕಳು ಬಂದರೆ ಯೂಟ್ಯೂಬಿನಲ್ಲಿ ‘ಸಿಲ್ಲಿ ಲಲ್ಲಿ’. ಇಂಗ್ಲಿಷಿನ ಖಯಾಲಿ ಎಂದು ಮೊದಲು ಅಂದುಕೊಂಡಿದ್ದವನಿಗೆ ಲಲಿತಾಂಬನ ಮಾತಿಗೂ ಅದೇ ಹುಡುಗಿ ಬಿದ್ದು ಬಿದ್ದು ನಗುವುದನ್ನು ನೋಡಿ ಉತ್ತರ ತೋಚಲಿಲ್ಲ. “ಏನಾಗುತ್ತೆ ಅಂತ ಎಲ್ಲ ಗೊತ್ತಿದ್ದೂ ಯಾಕೆ ನೋಡ್ತೀಯ?” ಎಂದು ಕೇಳಿದೆ. “ಗೊತ್ತಿದೆ ಅಂತಾನೇ ಮಾವ ನೋಡೋದು. ಇವರು ಯಾರೂ ಬದಲಾಗಲ್ಲ,” ಅಂದಳು.

ಅವಳೊಬ್ಬಳ ಅಭ್ಯಾಸವಾಗಿದ್ದರೆ ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಜಗತ್ತಿನ ಲೆಕ್ಕವೂ ಅದನ್ನೇ ಹೇಳುತ್ತಿತ್ತು. 2018ರ ಕೊನೆಯಲ್ಲಿ ನೆಟ್‌ಫ್ಲಿಕ್ಸಿನಿಂದ ‘ಫ್ರೆಂಡ್ಸ್’ ಹೊರಹೋಗುತ್ತದೆ ಎಂಬ ಸುದ್ದಿ ಬಂದಾಗ ಎದ್ದ ಗಲಾಟೆ ಎಷ್ಟಿತ್ತೆಂದರೆ, ಇನ್ನೊಂದು ವರ್ಷ ಉಳಿಸಿಕೊಳ್ಳಲು ಆ ಸಂಸ್ಥೆ ಸುಮಾರು 10 ಕೋಟಿ ಡಾಲರ್ ತೆತ್ತಿತೆಂದು ವರದಿಯಾಯಿತು. 2013ರಲ್ಲೇ ಮುಗಿದಿದ್ದ ‘ದಿ ಆಫೀಸ್’ ಅನ್ನು ಅಮೆರಿಕದ ಜನ 2020ರಲ್ಲಿ, ಕೋವಿಡ್ ಮನೆಯೊಳಗೆ ಕೂರಿಸಿದ ವರ್ಷ, 5,700 ಕೋಟಿ ನಿಮಿಷ ನೋಡಿದರೆಂದು ವೀಕ್ಷಣೆಯನ್ನು ಅಳೆಯುವ ನೀಲ್ಸನ್ ಸಂಸ್ಥೆ ಲೆಕ್ಕ ಹಾಕಿತು. ಆ ವರ್ಷ ಅಲ್ಲಿ ಸ್ಟ್ರೀಮಿಂಗಿನಲ್ಲಿ ಅದಕ್ಕಿಂತ ಹೆಚ್ಚು ನೋಡಿಸಿಕೊಂಡ ಸರಣಿ ಇನ್ನೊಂದಿಲ್ಲ. ಯುವಜನಕ್ಕೆ ಹೊಸತೇ ಬೇಕು ಎಂಬ ಒಂದೇ ಮಾತಿನ ಮೇಲೆ ನಾನು ಧಾರಾವಾಹಿ ಕಟ್ಟಿದ್ದೆ. ಆ ಮಾತೇ ಸುಳ್ಳಾಗಿತ್ತು.

ಆಮೇಲೆ ನಾನು ಹಳೆಯ ಸಿಟ್‌ಕಾಮ್‌ಗಳನ್ನು ಪಾಠದಂತೆ ಕೂತು ನೋಡಿದೆ. ಮೊದಲು ಹಿಡಿದದ್ದು ಬೇರಿಗೆ ಹತ್ತಿರವಾದದ್ದನ್ನು: ‘ಐ ಲವ್ ಲೂಸಿ’. ಅಮೆರಿಕದ ಸಿಬಿಎಸ್‌ನಲ್ಲಿ 1951ರಿಂದ 1957ರವರೆಗೆ 180 ಕಂತು. ಲೂಸಿಲ್ ಬಾಲ್ ಮತ್ತು ಆಕೆಯ ಗಂಡ, ಕ್ಯೂಬಾದಿಂದ ಬಂದ ಸಂಗೀತಗಾರ ಡೆಸಿ ಅರ್ನಾಜ್, ತೆರೆಯ ಮೇಲೂ ಗಂಡಹೆಂಡತಿ. ಕಪ್ಪುಬಿಳುಪಿನ ಚಿತ್ರ. ಅಕ್ಕನ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಕಪ್ಪುಬಿಳುಪು ಎಂದೊಡನೆ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ, ಹೋಗಲಿಲ್ಲ.

1952ರ ಸೆಪ್ಟೆಂಬರಿನಲ್ಲಿ ಬಂದ ಒಂದು ಕಂತಿದೆ. ಸಂಪಾದಿಸುವುದು ಕಷ್ಟವೋ ಮನೆ ನಡೆಸುವುದು ಕಷ್ಟವೋ ಎಂಬ ಜಗಳ ಹತ್ತಿ, ಗಂಡಸರು ಅಡುಗೆಮನೆಗೆ, ಹೆಂಗಸರು ಕೆಲಸಕ್ಕೆ ಎಂದು ಒಪ್ಪಂದವಾಗುತ್ತದೆ. ಇತ್ತ ಲೂಸಿಯ ಗಂಡ ರಿಕಿ ಅಳತೆ ತಿಳಿಯದೆ ಅಕ್ಕಿ ಹಾಕಿ, ಅನ್ನ ಉಕ್ಕಿ ಒಲೆಯಿಂದ ನೆಲಕ್ಕೆ ಸುರಿಯುತ್ತದೆ. ಅತ್ತ ಲೂಸಿ ಮತ್ತು ಗೆಳತಿ ಎಥೆಲ್ ಚಾಕೊಲೇಟ್ ಕಾರ್ಖಾನೆ ಸೇರುತ್ತಾರೆ. ಎದುರಿಗೆ ಓಡುವ ಬೆಲ್ಟು; ಅದರ ಮೇಲೆ ಬರುವ ಪ್ರತಿ ಚಾಕೊಲೇಟಿಗೂ ಕಾಗದ ಸುತ್ತಬೇಕು. ಒಂದು ತಪ್ಪಿಹೋದರೂ ಕೆಲಸ ಹೋಯಿತು ಎಂದು ಮೇಲ್ವಿಚಾರಕಿ ಗದರಿಸಿ ಹೋಗುತ್ತಾಳೆ. ಮೊದಮೊದಲು ಬೆಲ್ಟು ನಿಧಾನ. ಇಬ್ಬರೂ ಇದೇನು ಮಹಾ ಎಂದು ಮುಖ ನೋಡಿಕೊಳ್ಳುತ್ತಾರೆ. ವೇಗ ಹೆಚ್ಚುತ್ತದೆ. ತಪ್ಪಿದ್ದನ್ನು ಎತ್ತಿಟ್ಟುಕೊಳ್ಳುತ್ತಾರೆ. ಇನ್ನೂ ಹೆಚ್ಚುತ್ತದೆ. ಬಾಯಿಗೆ ತುರುಕಿಕೊಳ್ಳುತ್ತಾರೆ, ಟೋಪಿಯೊಳಗೆ, ಅಂಗಿಯೊಳಗೆ ಬಚ್ಚಿಡುತ್ತಾರೆ. ಮೇಲ್ವಿಚಾರಕಿ ಬಂದು ನೋಡಿದರೆ ಬೆಲ್ಟು ಖಾಲಿ, ಇಬ್ಬರೂ ಬಾಯಿ ಬಿಗಿಹಿಡಿದು ನಿಂತಿದ್ದಾರೆ. ಬಹಳ ಚೆನ್ನಾಗಿ ಮಾಡಿದ್ದೀರಿ ಎಂದು ಮೆಚ್ಚಿ, ಇನ್ನಷ್ಟು ಜೋರಾಗಿ ಓಡಿಸಿ ಎಂದು ಒಳಗೆ ಕೂಗುತ್ತಾಳೆ.

ಅಕ್ಕನ ಮಗಳು ನಕ್ಕಳು. ಐಟಿ ಕಂಪನಿಯಲ್ಲಿ ಹೊಸದಾಗಿ ಸೇರಿದ್ದ ಅವಳ ಚಿಕ್ಕಪ್ಪನ ಮಗಳು ಅವಳಿಗಿಂತ ಜೋರಾಗಿ ನಕ್ಕು, ಆಮೇಲೆ ಹೇಳಿದಳು: “ನಮ್ಮ ಆಫೀಸಲ್ಲೂ ಇಷ್ಟೇ. ಆಗದೇ ಇರೋ ಕೆಲಸ ಹೆಂಗೋ ಮುಚ್ಚಿಟ್ಟು ಮುಗಿಸಿದ್ವಿ ಅಂತ ತೋರಿಸಿದರೆ ಮುಂದಿನ ವಾರ ಎರಡರಷ್ಟು ಕೊಡ್ತಾರೆ.” ಎಪ್ಪತ್ತು ವರ್ಷ ಹಳೆಯ, ಸಾಗರದಾಚೆಯ ಆ ದೃಶ್ಯಕ್ಕೆ ಯಾರೂ ಟಿಪ್ಪಣಿ ಬರೆದುಕೊಡಬೇಕಾಗಲಿಲ್ಲ. ಲೂಸಿಗೆ ಏನು ಬೇಕು ಎಂಬುದು ಮೊದಲ ನಿಮಿಷದಲ್ಲೇ ಗೊತ್ತು: ತಾನು ಅಡುಗೆಮನೆಗಷ್ಟೇ ಸೇರಿದವಳಲ್ಲ ಎಂದು ತೋರಿಸಬೇಕು. 180 ಕಂತುಗಳಲ್ಲೂ ಅವಳಿಗೆ ಬೇಕಾದದ್ದು ಹೆಚ್ಚುಕಡಿಮೆ ಇದೇ. ಒಮ್ಮೆ ಗಂಡನ ವೇದಿಕೆ ಏರಬೇಕು, ಒಮ್ಮೆ ಜಾಹೀರಾತಿನಲ್ಲಿ ಬರಬೇಕು, ಒಮ್ಮೆ ದುಡಿದು ತೋರಿಸಬೇಕು. ಪ್ರತಿ ಸಲ ಸೋಲುತ್ತಾಳೆ, ಮರುವಾರ ಮತ್ತೆ ಹೊರಡುತ್ತಾಳೆ. ನನ್ನ ಧಾರಾವಾಹಿಯ ಅತ್ತೆಗೆ ಇಂಥ ಒಂದು ಹಟವೂ ಇರಲಿಲ್ಲ. ಹಿರಿಯ ಕಲಾವಿದೆ ಅಂದು ಹಾಳೆ ಹಿಡಿದು ಕೇಳಿದ್ದು ಇದನ್ನೇ.

ಈ ಕಣ್ಣಿನಿಂದ ನೋಡಿದಾಗ ಉಳಿದವೂ ತೆರೆದುಕೊಂಡವು. ‘ಫ್ರೆಂಡ್ಸ್’ನಲ್ಲಿ ರಾಸ್ ಹೊಸ ಸೋಫಾ ಕೊಳ್ಳುತ್ತಾನೆ. ಮನೆಗೆ ತಲುಪಿಸುವ ಬಾಡಿಗೆ ಸೋಫಾದ ಬೆಲೆಯ ಹತ್ತಿರ ಹತ್ತಿರ ಬರುತ್ತದೆಂದು ಅವನಿಗೆ ಸಂಕಟ. ಗೆಳೆಯರನ್ನು ಕರೆದು ಇಕ್ಕಟ್ಟಾದ ಮೆಟ್ಟಿಲಲ್ಲಿ ತಾನೇ ಏರಿಸಲು ಹೊರಡುತ್ತಾನೆ, ತಿರುವಿನಲ್ಲಿ ಸಿಕ್ಕಿಸಿಕೊಂಡು ತಿರುಗಿಸಿ ತಿರುಗಿಸಿ ಎಂದು ಕೂಗುತ್ತಾನೆ. ಕೊನೆಗೆ ಎರಡು ತುಂಡಾದ ಸೋಫಾವನ್ನು ಅಂಗಡಿಗೆ ವಾಪಸು ತಂದರೆ ಸಿಗುವುದು 4 ಡಾಲರಿನ ಸಾಮಾನು ಕೊಳ್ಳುವ ಅವಕಾಶ. ಬೆಂಗಳೂರಿನಲ್ಲಿ ಮನೆ ಬದಲಿಸುವಾಗ ಟೆಂಪೋದವನ ಬಾಡಿಗೆ ಉಳಿಸಲು ಹೋಗಿ ಗಾದ್ರೇಜ್ ಬೀರು ಮೆಟ್ಟಿಲಲ್ಲಿ ಸಿಕ್ಕಿಸಿಕೊಂಡ ಮನೆಯವರಿಗೆ ಇದನ್ನು ಯಾರು ಬಿಡಿಸಿ ಹೇಳಬೇಕು? ಈ ಕಂತಿನ ಮಕ್ಕಳಾಟಕ್ಕೆ 1999ರ ಯಾವ ಸುದ್ದಿಯ ಹಂಗೂ ಇಲ್ಲ.

ಇನ್ನೊಂದನ್ನು ಆ ಹುಡುಗಿಯರು ತಾವಾಗಿಯೇ ಹೇಳಿದರು. ಆ ಆರು ಗೆಳೆಯರು ಫೋನು ಮಾಡಿ ಸಮಯ ಕೇಳದೆ ಒಬ್ಬರ ಮನೆಗೆ ಒಬ್ಬರು ನುಗ್ಗುತ್ತಾರೆ. ಕಾಫಿ ಅಂಗಡಿಯಲ್ಲಿ ಒಂದೇ ಸೋಫಾದ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು. ಒಬ್ಬರನ್ನು ಭೇಟಿಯಾಗಲು ಮೂರು ದಿನ ಮೊದಲೇ ಮೆಸೇಜು ಹಾಕಬೇಕಾದ ತಲೆಮಾರಿಗೆ ಅದು ದೊಡ್ಡ ಆಸೆ. ಯಾವ ಮೊಬೈಲನ್ನು ಹಿಡಿದುಕೊಂಡು ಯುವಕರನ್ನು ಒಲಿಸಿಕೊಳ್ಳಲು ನಾನು ಹೊರಟಿದ್ದೆನೋ ಆ ಮೊಬೈಲು ಇಲ್ಲದ ಲೋಕ ಅವರಿಗೆ ಪ್ರಿಯವಾಗಿತ್ತು.

ನಮ್ಮ ದೇಶದಲ್ಲೇ ನಡೆದ ಒಂದು ಉದಾಹರಣೆ ನನಗೆ ಧೈರ್ಯವನ್ನೂ ಕೊಟ್ಟಿತು, ಕಣ್ಣನ್ನೂ ತೆರೆಸಿತು. ಹಿಂದಿಯ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ 2004ರಲ್ಲಿ ಸ್ಟಾರ್ ಒನ್‌ನಲ್ಲಿ ಶುರುವಾಯಿತು. ಅದಕ್ಕೂ ಟಿಆರ್‌ಪಿ ದೊಡ್ಡದಾಗಿ ಬರಲಿಲ್ಲ, 2006ರಲ್ಲಿ ನಿಂತಿತು. ಹೆಚ್ಚುಕಡಿಮೆ ನನ್ನ ಧಾರಾವಾಹಿಯ ಕಾಲದ್ದೇ. ಆದರೆ ಮುಂದಿನ ವರ್ಷಗಳಲ್ಲಿ ಅದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದು ನೋಡಿದವರು ಪ್ರಸಾರದ ಕಾಲದಲ್ಲಿ ಇನ್ನೂ ಶಾಲೆಗೆ ಹೋಗುತ್ತಿದ್ದ ಮಕ್ಕಳು. ಅವರ ಒತ್ತಾಸೆಯಿಂದಲೇ 2017ರಲ್ಲಿ ಎರಡನೆಯ ಆವೃತ್ತಿ ಬಂತು. ರತ್ನಾ ಪಾಠಕ್ ಶಾ ಅವರ ಮಾಯಾಗೆ ಎಲ್ಲದರಲ್ಲೂ ಉತ್ತಮ ದರ್ಜೆ ಬೇಕು; ಸೊಸೆ ಮೊನಿಷಾಗೆ ಎಲ್ಲದರಲ್ಲೂ ನಾಲ್ಕು ಕಾಸು ಉಳಿಯಬೇಕು. ಇಬ್ಬರನ್ನೂ ಒಂದು ಕೋಣೆಯಲ್ಲಿ ಬಿಟ್ಟರೆ ಸಾಕು, ಕಂತು ತಾನಾಗಿ ಹುಟ್ಟುತ್ತದೆ. ನನ್ನ ಧಾರಾವಾಹಿ ಟಿಆರ್‌ಪಿ ಇಲ್ಲದ್ದರಿಂದ ಸತ್ತಿತು ಎಂದು ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ಆ ಸಬೂಬು ಅಲ್ಲಿಗೆ ಮುಗಿಯಿತು. ‘ಸಿಲ್ಲಿ ಲಲ್ಲಿ’ಗೂ ಇದೇ ಮಾತು. ಲಲಿತಾಂಬನಿಗೆ ಸಮಾಜ ಸೇವಕಿ ಎನಿಸಿಕೊಳ್ಳಬೇಕು. ಅಂಥ ಒಬ್ಬರು ಪ್ರತಿ ಬಡಾವಣೆಯಲ್ಲಿಯೂ ಇದ್ದಾರೆ, ಎಂದೆಂದಿಗೂ ಇರುತ್ತಾರೆ.

ಪಾಠದ ಕಹಿ ಭಾಗ ಇನ್ನೂ ಬಾಕಿಯಿತ್ತು. ಧಾರವಾಡದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಡೆದ ಚಿತ್ರಕಥೆ ಶಿಬಿರವೊಂದಕ್ಕೆ ನನ್ನನ್ನು ಕರೆದರು. ಸೋತದ್ದನ್ನೂ ತೋರಿಸಿ ಮಾತಾಡೋಣ ಎಂದು ನನ್ನ ಬಳಿ ಉಳಿದಿದ್ದ ಸೀಡಿಯಿಂದ ಒಂದು ಕಂತನ್ನು ಹಾಕಿದೆ. ಮಿಸ್ಡ್ ಕಾಲಿನ ಕಂತು. ಒಂದು ಮಿಸ್ಡ್ ಕಾಲ್ ಎಂದರೆ ಬರುತ್ತೇನೆ, ಎರಡು ಎಂದರೆ ಬರುವುದಿಲ್ಲ ಎಂಬ ಒಪ್ಪಂದದ ಮೇಲೆ ನಿಂತ ಗೊಂದಲ. ತೆರೆಯ ಮೇಲೆ ಮುದ್ರಿತ ನಗು ಗೊಳ್ಳೆನ್ನುತ್ತಿತ್ತು, ಕೋಣೆಯಲ್ಲಿ ಸದ್ದಿಲ್ಲ. “ಸರ್, ಫೋನ್ ಎತ್ತಿ ಮಾತಾಡಬಹುದಿತ್ತಲ್ಲ?” ಎಂದು ಒಬ್ಬ ಹುಡುಗ ಕೇಳಿದ. ಆಗ ಕರೆಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತಿತ್ತು ಎಂದು ವಿವರಿಸಿದೆ. ಅವರಿಗೆ ಅರ್ಥವಾಯಿತು. ನಗು ಮಾತ್ರ ಬರಲಿಲ್ಲ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಗದಗ ಕಡೆಯವಳು. ನನ್ನ ಧಾರಾವಾಹಿಯ ಅಡುಗೆಯವನು ಉತ್ತರ ಕರ್ನಾಟಕದವನು. ಅವನು ಬಾಯಿ ತೆರೆದರೆ ಸಾಕು, ಉಳಿದ ಪಾತ್ರಗಳು ನಗುತ್ತಿದ್ದವು, ಹಿಂದೆಯೇ ಮುದ್ರಿತ ನಗು. “ಸರ್, ಅಡಿಗಿ ಮಾಡಾವ್ನ ಮಾತಿನಾಗ ನಗೋದು ಏನೈತ್ರಿ? ನಮ್ಮಪ್ಪ ಹಂಗ ಮಾತಾಡ್ತಾರ,” ಎಂದಳು. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು. ನಾನು ಅವಳ ಕ್ಷಮೆ ಕೇಳಿದೆ. ಆ ಪಾತ್ರಕ್ಕೆ ನಾನು ಒಂದು ಆಸೆಯನ್ನಾಗಲಿ, ಒಂದು ಹಟವನ್ನಾಗಲಿ ಕೊಟ್ಟಿರಲಿಲ್ಲ. ಅವನ ಊರನ್ನೇ ಜೋಕು ಮಾಡಿದ್ದೆ. ಒಬ್ಬ ಮನುಷ್ಯ ತನ್ನ ಹಟದಿಂದ ತಾನೇ ಪೇಚಿಗೆ ಸಿಕ್ಕಿಕೊಂಡಾಗ ಬರುವ ನಗು ಬೇರೆ, ಅವನು ಹುಟ್ಟಿದ ಊರು, ಮೈಬಣ್ಣ, ದೇಹ, ಮಾತಿನ ರೀತಿ ನೋಡಿ ಬರುವ ನಗು ಬೇರೆ. ಎರಡನೆಯದಕ್ಕೆ ಯಾರೋ ಒಬ್ಬರು ಕೋಣೆಯ ಹೊರಗೆ ಇರಬೇಕು. ಅವರು ಒಳಗೆ ಬಂದು ಕೂತ ದಿನ ಆ ನಗು ಸಾಯುತ್ತದೆ.

ದೊಡ್ಡ ಧಾರಾವಾಹಿಗಳೂ ಈ ಪರೀಕ್ಷೆಯಿಂದ ತಪ್ಪಿಸಿಕೊಂಡಿಲ್ಲ. ‘ಫ್ರೆಂಡ್ಸ್’ನಲ್ಲಿ ಮೋನಿಕಾ ಹಿಂದೆ ದಪ್ಪಗಿದ್ದಳು ಎಂಬುದನ್ನೇ ಹಿಡಿದ ದೃಶ್ಯಗಳಿವೆ, ಸಲಿಂಗಿಗಳ ಬಗ್ಗೆ ಚುಚ್ಚು ಮಾತುಗಳಿವೆ, ನ್ಯೂಯಾರ್ಕಿನಂಥ ನಗರದ ಕಥೆಯಲ್ಲಿ ಕರಿಯರು ಕಾಣಸಿಗುವುದೇ ಅಪರೂಪ. ಇಂದಿನ ಮಕ್ಕಳು ಇದನ್ನೆಲ್ಲ ಗಮನಿಸುತ್ತಾರೆ, ಬಾಯಿಬಿಟ್ಟು ಹೇಳುತ್ತಾರೆ. ಅದರ ಸೃಷ್ಟಿಕರ್ತರಲ್ಲಿ ಒಬ್ಬರಾದ ಮಾರ್ಟಾ ಕಾಫ್‌ಮನ್ 2022ರಲ್ಲಿ ತಮ್ಮ ತಪ್ಪನ್ನು ಒಪ್ಪಿಕೊಂಡು, ತಾವು ಓದಿದ ಬ್ರಾಂಡೈಸ್ ವಿಶ್ವವಿದ್ಯಾಲಯದ ಆಫ್ರಿಕನ್ ಮತ್ತು ಆಫ್ರಿಕನ್ ಅಮೆರಿಕನ್ ಅಧ್ಯಯನ ವಿಭಾಗಕ್ಕೆ 40 ಲಕ್ಷ ಡಾಲರ್ ದೇಣಿಗೆ ಘೋಷಿಸಿದರು. ಆ ಧಾರಾವಾಹಿ ಇನ್ನೂ ಬದುಕಿರುವುದು ಇಂಥ ಜೋಕುಗಳಿಂದಲ್ಲ, ಇವು ಇದ್ದರೂ ಬದುಕಿದೆ. ಅದರ ಹೆಚ್ಚಿನ ಕಂತುಗಳಲ್ಲಿ ಜನ ತಮ್ಮ ತಮ್ಮ ದಡ್ಡತನಕ್ಕೇ ಬೀಳುತ್ತಾರೆ.

ನಗುವಿನ ಟ್ರ್ಯಾಕಿನ ವಿಷಯದಲ್ಲೂ ನಾನು ಕಲಿತದ್ದಿದೆ. ‘ಐ ಲವ್ ಲೂಸಿ’ಯನ್ನು ಸ್ಟುಡಿಯೋದಲ್ಲಿ ಕೂತ ಜನರ ಮುಂದೆ ನಾಟಕದಂತೆ ಆಡಿ, ಮೂರು ಕ್ಯಾಮೆರಾಗಳಿಂದ ಒಟ್ಟಿಗೆ ಚಿತ್ರಿಸಿದರು. ಜರ್ಮನಿಯ ‘ಮೆಟ್ರೊಪೊಲಿಸ್’ ಚಿತ್ರದ ಛಾಯಾಗ್ರಾಹಕರಲ್ಲಿ ಒಬ್ಬರಾದ ಕಾರ್ಲ್ ಫ್ರಾಯಿಂಡ್ ಅದಕ್ಕೆ ತಕ್ಕ ಬೆಳಕಿನ ವ್ಯವಸ್ಥೆ ಕಂಡುಹಿಡಿದರು. ‘ಫ್ರೆಂಡ್ಸ್’ ಕೂಡ ಬರ್ಬ್ಯಾಂಕಿನ ಸ್ಟುಡಿಯೋದಲ್ಲಿ ಪ್ರೇಕ್ಷಕರ ಎದುರೇ ತಯಾರಾಯಿತು. ಒಂದು ಮಾತಿಗೆ ಜನ ನಗದಿದ್ದರೆ ಬರಹಗಾರರು ಅಲ್ಲೇ ಗುಂಪುಗೂಡಿ ಹೊಸ ಮಾತು ಬರೆದು ಮತ್ತೆ ಆಡಿಸುತ್ತಿದ್ದರು. ಹಿರಣ್ಣಯ್ಯನವರು ರಂಗದ ಮೇಲೆ ಮಾಡುತ್ತಿದ್ದುದೂ ಅದನ್ನೇ. ನಗು ಬಂತೇ ಎಂದು ಕಿವಿಗೊಟ್ಟು ಕೇಳುವುದು ಹಾಸ್ಯ ಬರೆಯುವವನ ಮೊದಲ ಕೆಲಸ. ನಾನು ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ್ದೆ.

ಈಗ ನಾನು ಮತ್ತೆ ಹಾಸ್ಯ ಬರೆಯುತ್ತೇನೆ, ನಿಧಾನವಾಗಿ. ಶಿಬಿರಗಳಿಗೆ ಕರೆದರೆ ಹೋಗುತ್ತೇನೆ. ಬರೆಯುವ ಮಕ್ಕಳಿಗೆ ಹೇಳುವುದು ಇಷ್ಟು. ಜೋಕು ಬರೆಯುವ ಮೊದಲು ನಿಮ್ಮ ಪ್ರತಿ ಪಾತ್ರಕ್ಕೂ ಏನು ಬೇಕು ಎಂದು ಒಂದು ಸಾಲಿನಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಆ ಪಾತ್ರ ಇನ್ನೂ ಹುಟ್ಟಿಲ್ಲ. ಆ ಆಸೆಯನ್ನು ಮಧ್ಯದಲ್ಲಿ ಬದಲಿಸಬೇಡಿ. ಇವತ್ತಿನ ಸುದ್ದಿ ಬೇಕಾದರೆ ಬರಲಿ, ಅದನ್ನು ತೆಗೆದರೂ ದೃಶ್ಯ ನಿಲ್ಲುತ್ತದೆಯೇ ನೋಡಿ. ಬರೆದದ್ದನ್ನು ಅಪರಿಚಿತರ ಎದುರು ಓದಿ, ಅವರ ಮುಖ ನೋಡಿ. ಯಾರ ಮಾತು, ಮೈ, ಊರಿನ ಬಗ್ಗೆ ಬರೆದಿದ್ದೀರೋ ಅವರನ್ನೇ ಮೊದಲ ಸಾಲಿನಲ್ಲಿ ಕೂರಿಸಿ ಓದಿ.

ಕೊನೆಯದಾಗಿ ಚಾನೆಲ್ಲುಗಳವರಿಗೆ ಒಂದು ವಿನಂತಿ. ‘ಐ ಲವ್ ಲೂಸಿ’ ಇವತ್ತಿಗೂ ನೋಡಲು ಸಿಗುತ್ತಿದ್ದರೆ ಅದಕ್ಕೆ ಬಹುಮಟ್ಟಿಗೆ ಕಾರಣ ಅದನ್ನು ಒಳ್ಳೆಯ 35 ಎಂಎಂ ಫಿಲ್ಮಿನಲ್ಲಿ ಚಿತ್ರಿಸಿ, ಆ ಫಿಲ್ಮುಗಳ ಹಕ್ಕನ್ನು ಲೂಸಿಲ್ ಬಾಲ್ ದಂಪತಿಯ ಸಂಸ್ಥೆ ತನ್ನ ಬಳಿ ಉಳಿಸಿಕೊಂಡು ಕಾಪಾಡಿದ್ದು. ಬ್ರಿಟನ್ನಿನಲ್ಲಿ ಬಿಬಿಸಿ ಟೇಪುಗಳನ್ನು ಅಳಿಸಿ ಮರುಬಳಸಿದ್ದರಿಂದ ‘ಡ್ಯಾಡ್ಸ್ ಆರ್ಮಿ’ಯಂಥ ಜನಪ್ರಿಯ ಧಾರಾವಾಹಿಯ ಮೂರು ಕಂತುಗಳು ಇಂದಿಗೂ ಸಿಕ್ಕಿಲ್ಲ. ಕನ್ನಡದ ಹಳೆಯ ಹಾಸ್ಯ ಧಾರಾವಾಹಿಗಳನ್ನು ನಮ್ಮ ಮಕ್ಕಳು ಹೆಚ್ಚಾಗಿ ನೋಡುತ್ತಿರುವುದು ಯಾರೋ ಕತ್ತರಿಸಿ ಹಾಕಿದ ತುಣುಕುಗಳಲ್ಲಿ. ನಿಮ್ಮ ಕಪಾಟುಗಳಲ್ಲಿ ಉಳಿದಿರುವ ಟೇಪುಗಳನ್ನು ಹುಡುಕಿ ತೆಗೆಯಿರಿ. ಪೂರ್ತಿ ಕಂತುಗಳಾಗಿ, ಬಂದ ಕ್ರಮದಲ್ಲಿ, ಬರೆದವರ ಮತ್ತು ನಟಿಸಿದವರ ಹೆಸರಿನ ಸಮೇತ ಜನರ ಮುಂದಿಡಿ. ಹೊಸ ತಲೆಮಾರಿಗೆ ಹಳೆಯದು ಬೇಡ ಎಂಬ ಮಾತನ್ನು ನಂಬಿ ನಾನು ಕೆಟ್ಟೆ. ನೀವೂ ನಂಬಿ ಅವನ್ನು ಕಳೆದುಕೊಳ್ಳಬೇಡಿ.